ಬಿಂಗೋದಲ್ಲಿ ಗೆದ್ದ ಗುಂಡಿನ ಪೆಟ್ಟಿಗೆ

ಪೊಲೀಸಿನವನು ಬಂದಾಗ ನಾನು ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದೆ. ಕೈ ತೊಳೆದುಕೊಳ್ಳಲೂ ಬಿಡಲಿಲ್ಲ, ಪುಣ್ಯಾತ್ಮ. ಹೆಸರು ಬರ್ನಾಟ್. ಪಿಟ್ಸ್‌ಬರ್ಗ್ ಕಡೆಯ ಹುಡುಗ, ನಮ್ಮ ಕಣಿವೆಗೆ ಬಂದು ಇನ್ನೂ ವರ್ಷ ತುಂಬಿಲ್ಲ.

"ವೆರ್ನಾ ಅಮ್ಮಾ, ಹೋದ ತಿಂಗಳು ಹಿಲ್ಬಿಶ್ ಅಂಗಡೀಲಿ ಮೂವತ್ತೈದರ ಅಳತೆ ಕೋವಿ ಗುಂಡು ಒಂದು ಪೆಟ್ಟಿಗೆ ತಗೊಂಡ್ರಾ?"

"ತಗೊಂಡೆ. ಯಾಕಪ್ಪಾ, ಜಿಂಕೆಗಳು ಬಂದು ದೂರು ಕೊಟ್ವಾ?"

ಅವನು ನಗಲಿಲ್ಲ. ಹಿಂದಿನ ದಿನ ಸಂಜೆ ನಮ್ಮೂರಿನ ಲೀಲಂಡ್ ಸ್ಟ್ರೂಪ್‌ಗೆ ಅವನ ಬೇಲಿಯ ಹತ್ತಿರ ಯಾರೋ ಗುಂಡು ಹೊಡೆದಿದ್ದರು. ಮೊಣಕಾಲು ನುಚ್ಚುನೂರು. ಹೊಡೆದವನನ್ನು ನೋಡಿದವರಿಲ್ಲ. ಲೀಲಂಡ್ ಆಪರೇಷನ್ ಆಗಿ ಇನ್ನೂ ಮಂಪರಿನಲ್ಲಿದ್ದ. ಪೊದೆಯಲ್ಲಿ ಸಿಕ್ಕ, ಸಿಡಿದ ಗುಂಡಿನ ಖಾಲಿ ಕೊಳವೆ ಫಳಫಳ ಹೊಳೆಯುವ ಹೊಸ ಸರಕು. ಆ ಸರಕು ಈ ವರ್ಷ ಹಿಲ್ಬಿಶ್‌ಗೆ ಬಂದದ್ದು, ಮಾರಿದ್ದು ಒಂದೇ ಪೆಟ್ಟಿಗೆ. ಗುಂಡು ಕೊಂಡವರ ಹೆಸರು, ವಯಸ್ಸು, ಡ್ರೈವಿಂಗ್ ಲೈಸೆನ್ಸ್ ನಂಬರ್ ಬರೆದಿಡಬೇಕೆಂದು ಸರ್ಕಾರದ ಕಾನೂನು. ಬರೆದದ್ದು ನನ್ನ ಹೆಸರು. ವಯಸ್ಸು ಅರವತ್ತೊಂದು ಅಂತ ಊರಿಗೆಲ್ಲ ಗೊತ್ತಾಗುವ ಹಾಗೆ.

"ಕೋವಿ ಮುಟ್ಟಿದವಳೇ ಅಲ್ಲ ನಾನು. ಬಿಂಗೋಗೆ ತಂದಿದ್ದು," ಅಂದೆ.

ಅವನು ಪಿಳಿಪಿಳಿ ಕಣ್ಣು ಬಿಟ್ಟ. ನಮ್ಮ ಬೆಂಕಿ ಆರಿಸುವ ಲಾರಿಯ ಸಾಲ ತೀರಿಸುವುದು ಹೆಂಗಸರ ಸಂಘದ ಬಿಂಗೋ, ಅಂಕಿ ಕೂಗಿ ಬಹುಮಾನ ಕೊಡುವ ಆಟ. ನಾನೇ ಕಾರ್ಯದರ್ಶಿ. ಬೇಟೆಯ ಕಾಲದಲ್ಲಿ ಹೂದಾನಿ ಬಹುಮಾನ ಇಟ್ಟರೆ ಒಬ್ಬ ಗಂಡಸೂ ಬರುವುದಿಲ್ಲ. ಹಂದಿ ತೊಡೆಯ ಹ್ಯಾಮ್ ಇಡಬೇಕು, ಗುಂಡು ಇಡಬೇಕು.

"ಅದೇ ಅಳತೆ ಯಾಕೆ ತಂದ್ರಿ?"

"ನಮ್ಮಪ್ಪನ ಕೋವಿಗೆ ಹಾಕ್ತಿದ್ದಿದ್ದು ಅದೇ. ನಂಗೆ ಗೊತ್ತಿರೋದು ಅದೊಂದೇ."

"ಆ ಕೋವಿ ಈಗ ನಿಮ್ಮ ತಮ್ಮನ ಹತ್ರ ಇದೆ. ಅವನ ನಾಯೀನ ಬೇಸಿಗೇಲಿ ಲೀಲಂಡ್ ಹೊಡೆದು ಹಾಕಿದ್ದ."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ತಮ್ಮ ಹಾರ್ಲನ್ ಹೆಂಡತಿ ಸತ್ತ ಮೇಲೆ ಮಾತಾಡುತ್ತಿದ್ದದ್ದು ಆ ನಾಯಿಯ ಜೊತೆ ಮಾತ್ರ. ಜಿಂಕೆಗಳನ್ನು ಅಟ್ಟಿಸಿಕೊಂಡು ಹೋಯಿತು ಅಂತ ಲೀಲಂಡ್ ಅದನ್ನು ಕೊಂದ. ಹಾಗಂತ ನನ್ನ ತಮ್ಮ ಮನುಷ್ಯನಿಗೆ ಗುಂಡು ಹೊಡೆಯುವವನೇ?

"ನೋಡಪ್ಪಾ, ಆ ಪುಸ್ತಕದಲ್ಲಿ ಇರೋದು ಕೊಂಡವಳ ಹೆಸರು, ಹೊಡೆದವನದ್ದಲ್ಲ. ಆ ಪೆಟ್ಟಿಗೆ ಗೆದ್ದೋನು ಯಾರು ಗೊತ್ತಾ? ಲೀಲಂಡೇ! ನಾನೇ ಕೈಗಿಟ್ಟೆ, ಊರೆಲ್ಲ ನೋಡಿದೆ. ನನ್ನ ತಮ್ಮ ಗೆದ್ದಿದ್ದು ಹ್ಯಾಮು. ಆ ಲೀಲಂಡ್ ತನ್ನ ಕಾಲಿಗೆ ತಾನೇ ಹೊಡ್ಕೊಂಡು ನಾಚಿಕೆಗೆ ಸುಮ್ನೆ ಮಲಗಿದ್ದಾನೆ, ಹೋಗಿ ಕೇಳು!"

"ಎಚ್ಚರ ಆದ್ಮೇಲೆ ಕೇಳ್ತೀನಿ," ಅಂದು ಬರ್ನಾಟ್ ಟೋಪಿ ಹಾಕಿಕೊಂಡ. ಬಾಗಿಲು ಹಾಕಿ, ಒಬ್ಬಳೇ ನಕ್ಕೆ. ತಮ್ಮ ಉಳಿದ ಅಂತ ಮನಸ್ಸು ಎಷ್ಟು ಹಗುರವಾಯಿತೆಂದರೆ, ಹಿಟ್ಟು ಇನ್ನೊಂದು ಸಲ ಸುಮ್ಮನೆ ನಾದಿದೆ.

ಮಧ್ಯಾಹ್ನ ಬಿಸಿ ಬ್ರೆಡ್ಡು ತೆಗೆದುಕೊಂಡು ಲೀಲಂಡ್ ಮನೆಗೆ ಹೋದೆ. ಅವನ ಹೆಂಡತಿ ಇಡಾ ಹಾಲು ಕರೆಯಲೆಂದು ಆಸ್ಪತ್ರೆಯಿಂದ ಬಂದಿದ್ದಳು. ಸಂಕಟ ಕೇಳುವ ನೆಪ. ಆ ಪೆಟ್ಟಿಗೆ ಕಣ್ಣಿಗೆ ಬಿದ್ದರೆ ಸಾಕು ಅಂತಲೇ ಹೋದದ್ದು, ಸುಳ್ಳು ಯಾಕೆ ಹೇಳಲಿ. ಇಡಾ ನನ್ನ ಬ್ರೆಡ್ಡು ಕೊಯ್ದು, ಮಾಂಸದ ಹೋಳು ಇಟ್ಟು ಕೊಟ್ಟಳು.

"ತಿನ್ನೇ, ನಿಮ್ಮ ಬಿಂಗೋ ಹ್ಯಾಮೇ ಇದು."

"ನಿನ್ನ ಗಂಡಂಗೆ ಬಂದಿದ್ದು ಗುಂಡಲ್ವೇನೇ?"

"ಆ ಅಳತೆ ಕೋವಿ ನಮ್ಮಲ್ಲೆಲ್ಲಿದೆ? ಬಿಂಗೋ ಮುಗಿದ್ಮೇಲೆ ಹೊರಗಡೆ ಗಾಡಿ ಹತ್ರ ಹಾರ್ಲನ್ನೇ ಬಂದು, ಹ್ಯಾಮಿಗೆ ಬದಲಾಯಿಸ್ಕೋತೀಯಾ ಅಂದ. ನಾಯಿ ವಿಷಯ ಮರೆತ, ಇನ್ನು ಎಲ್ಲಾ ಸರಿಹೋಯ್ತು ಅಂತ ಎಷ್ಟು ಖುಷಿಪಟ್ಟೆ ಗೊತ್ತಾ?"

ಉಳಿದ ತುಂಡು ತಟ್ಟೆಗೇ ಇಟ್ಟೆ. ಭಾನುವಾರದ ಊಟಕ್ಕೆ ಹ್ಯಾಮ್ ತಾರೋ ಅಂತ ಹಾರ್ಲನ್‌ನನ್ನು ಕೇಳಿದ್ದೆ. ಪಾದ್ರಿಗೆ ಕೊಟ್ಟೆ ಅಂದಿದ್ದ. ಎಂಥ ಧರ್ಮಾತ್ಮ ಅಂತ ಮುತ್ತು ಕೊಟ್ಟಿದ್ದೆ.

ಅಲ್ಲಿಂದ ನೇರ ತಮ್ಮನಲ್ಲಿಗೆ ಹೋದೆ. ಹಾರ್ಲನ್ ಕೊಟ್ಟಿಗೆಯಲ್ಲಿ ಕುರ್ಚಿಯ ಕಾಲು ರಿಪೇರಿ ಮಾಡುತ್ತಿದ್ದ.

"ಹ್ಯಾಮ್ ಎಲ್ಲೋ?"

"ಪಾದ್ರಿಗೆ ಕೊಟ್ಟೆ ಅಂದ್ನಲ್ಲ ಅಕ್ಕಾ."

"ಇಡಾ ಮನೇಲಿ ತಿಂದು ಬಂದೆ ಕಣೋ."

ಸುತ್ತಿಗೆ ಕೆಳಗಿಟ್ಟ.

"ಹೆದರಿಸೋಣ ಅಂತ ಹೋದೆ, ಅಷ್ಟೇ. ನನ್ನ ನೋಡಿ ಬೇಲಿ ಆ ಕಡೆಯಿಂದ, ಇನ್ನೊಂದು ನಾಯಿ ತಂದ್ಯಾ ಇಲ್ವಾ ಅಂತ ಕೇಳ್ದ, ಅಕ್ಕಾ. ನಗ್ತಾ ಕೇಳ್ದ."

"ಹಾಗಾದ್ರೆ ಹೊಡೆದೋನು ನೀನೇ ಅಂತ ಅವನಿಗೆ ಗೊತ್ತು?"

"ಗೊತ್ತು. ಎದ್ದ ಕೂಡ್ಲೇ ಹೇಳ್ತಾನೆ."

ಅಯ್ಯೋ ದೇವರೇ! ಈ ಮುಟ್ಠಾಳನ ಪರವಾಗಿ ಬೆಳಿಗ್ಗೆ ನಾನು ಎಷ್ಟು ಎಗರಾಡಿದೆ! ಬೈಯಲು ಬಾಯಿ ತೆಗೆದೆ, ಅಳು ಬಂತು.

"ಬರ್ನಾಟ್ ನಿನ್ನ ಹತ್ರ ಬಂದಿದ್ನಾ? ಏನಂದೆ?" ಅಂತ ಕೇಳಿದ.

"ಗುಂಡು ಲೀಲಂಡ್‌ಗೆ ಹೋಯ್ತು, ಹ್ಯಾಮು ನಿಂಗೆ ಬಂತು ಅಂದೆ. ನಿಜಾನೇ ಹೇಳ್ದೆ, ಏನ್ಮಾಡ್ಲಿ?"

"ಹಾಗೇ ಇರ್ಲಿ ಬಿಡು. ನೀನು ಇನ್ನೇನೂ ಹೇಳ್ಬೇಡ."

"ಅವನು ಎದ್ದು ಹೇಳೋದಕ್ಕೆ ಮುಂಚೆ ನೀನು ಹೇಳ್ಬೇಕು. ಕೋಟು ಹಾಕ್ಕೋ. ಗಾಡಿ ನಾನು ಓಡಿಸ್ತೀನಿ."

ಅವನು ಒಳಗೆ ಹೋಗಿ ಅಪ್ಪನ ಕೋವಿ ತಂದು ಹಿಂದಿನ ಸೀಟಿನಲ್ಲಿಟ್ಟ. ಪಕ್ಕದಲ್ಲೇ ಪೆಟ್ಟಿಗೆ ಇಟ್ಟ. ಬಹುಮಾನಕ್ಕೆಂದು ನಾನೇ ಕಟ್ಟಿದ್ದ ಕೆಂಪು ರಿಬ್ಬನ್ನು ಇನ್ನೂ ಅದರ ಮೇಲಿತ್ತು.