ಗಾಳಿ ಹಾಕುವವಳು

ಹಾಡು ಎರಡನೆಯ ಚರಣದ ನಡುವೆ ನಿಂತುಹೋದಾಗ ಮಲಕಮ್ಮನ ಕೈ ಹಿಡಿಕೆಯ ಮೇಲೇ ಇತ್ತು. ಅವಳು ಮೊದಲು ನೋಡಿದ್ದು ದಾರಕ್ಕೆ ಕಟ್ಟಿದ ಸೀಸದ ಗುಂಡನ್ನು. ಚರ್ಚಿನ ಆರ್ಗನ್ನಿನ ಹಿಂಬದಿಯ ಹಲಗೆಯ ಮೇಲೆ ಆ ಗುಂಡು ಕೆಳಗಿಳಿದಿದ್ದರೆ ತಿದಿಯ ತುಂಬ ಗಾಳಿ ಇದೆ ಎಂದರ್ಥ. ಮೇಲೇರತೊಡಗಿದರೆ ಗಾಳಿ ತೀರುತ್ತಿದೆ ಎಂದು. ಗುಂಡು ಕೆಳಗೇ ಇತ್ತು. ನಿಂತದ್ದು ಗಾಳಿಯಲ್ಲ, ಮುಂದೆ ಕೂತು ನುಡಿಸುತ್ತಿದ್ದ ಗಂಡ ಸಾತಪ್ಪನ ಬೆರಳು.

ಅವಳು ಹಲಗೆಯ ಸಂದಿಗೆ ಬಾಯಿ ತಂದು ಮುಂದಿನ ಸಾಲನ್ನು ಸಣ್ಣಗೆ ಗುನುಗಿದಳು. ಆಚೆ ಏನೂ ಆಗಲಿಲ್ಲ. ಇನ್ನೊಮ್ಮೆ, ತುಸು ಗಟ್ಟಿಯಾಗಿ ಗುನುಗಿದಳು. ಅಂದು ನಾತಾಳ, ಕ್ರಿಸ್ತ ಹುಟ್ಟಿದ ಹಬ್ಬ. ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಆಗಿ ಬ್ರಿಟಿಷ್ ಲಷ್ಕರ ಇಳಿದ ವರ್ಷ; ಬೇಸಿಗೆಯಿಡೀ ಹೆದರಿ ಮನೆಯಲ್ಲಿ ಕೂತಿದ್ದ ಜನವೆಲ್ಲ ಮಿಲ್ಲಿನ ಚಾಳುಗಳಿಂದ, ಸುತ್ತಲ ಹಳ್ಳಿಗಳಿಂದ ಎದ್ದು ಬಂದು ಚರ್ಚಿನ ಬಾಗಿಲವರೆಗೂ ತುಂಬಿದ್ದರು. ಅವರ ಕೆಮ್ಮು, ಕೂಸುಗಳ ಅಳು, ಬಳೆಯ ಸದ್ದಿನಲ್ಲಿ ಅವಳ ದನಿ ಮುಳುಗಿಹೋಯಿತು.

“ಕಾಯ್ ಝಾಲಂ, ಸಾತಪ್ಪಾ?” ಏನಾಯಿತೆಂದು ಪಾದ್ರಿ ಸಾಹೇಬರು ಕೇಳಿದರು.

“ಹವಾ ಹೋತ್ರಿ ಸಾಹೇಬ್ರ,” ಎಂದ ಸಾತಪ್ಪ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹಿಂದಕ್ಕೆ ತಿರುಗಿ, “ಏ, ಮತ್ತ ತೂಕಡಿಸಿದೇನ? ಏಳು, ಹವಾ ಹಾಕು!” ಎಂದು ಕೂಗಿದ.

ಜನ ನಕ್ಕರು. ಮಲಕಮ್ಮ ಏನು ಮಾಡುತ್ತಿದ್ದೇನೆಂದು ತಿಳಿಯದೆ ಹಿಡಿಕೆಯನ್ನು ಒತ್ತಿದಳು. ಜಾಗವೇ ಇಲ್ಲದ ತಿದಿಯಿಂದ ಹೆಚ್ಚಿನ ಗಾಳಿ ಬುಸ್ಸೆಂದು ಹೊರಬಿತ್ತು. ಸಾತಪ್ಪ ಮೊದಲ ಚರಣದಿಂದ ಮತ್ತೆ ಶುರುಮಾಡಿದ. ಈ ಸಲ ಅವಳು ಗುನುಗಿದ್ದು ಅವನಿಗೆ ಕೇಳಿಸಿತು. ಹಾಡು ಮುಗಿಯಿತು.

ಆ ಆರ್ಗನ್ ವಿಲಾಯತಿಯಿಂದ ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದಿತ್ತು. ಆಳೆತ್ತರದ ಕಟ್ಟಿಗೆಯ ಕೊಳವೆಗಳು, ಕಿರುಬೆರಳಿನಷ್ಟು ತೆಳ್ಳಗಿನ ತವರದ ಕೊಳವೆಗಳು. ಅದನ್ನು ಜೋಡಿಸಿದ ಗೋರಾ ಸಾಹೇಬ ಹಿಂದಿರುಗಿದ ಮೇಲೆ ಊರಿನ ಬಿಸಿಲು ತನ್ನ ಕೆಲಸ ಮಾಡಿತು. ತಿದಿಯ ತೊಗಲು ಒಣಗಿ ಬಿರಿದು, ನುಡಿಸುವ ಪಟ್ಟಿಯ ಒಂದು ಮನೆ ಒತ್ತಿದರೆ ಹತ್ತು ಕಡೆ ಗಾಳಿ ಸೋರತೊಡಗಿತು. ಯಾರೋ ಅಕ್ಕಲಕೋಟೆಯ ಪೀರಪ್ಪನ ಹೆಸರು ಹೇಳಿದರು. ಬಾವಿಯ ನೀರೆತ್ತುವ ಮೋಟಿನ ಚೀಲ, ಕಮ್ಮಾರನ ತಿದಿ ಹೊಲಿಯುತ್ತಿದ್ದ ಮುದುಕ. ಅವನು ಮಗಳನ್ನು ಕರೆದುಕೊಂಡು ಬಂದು ಚರ್ಚಿನ ನೆಲದ ಮೇಲೇ ಕೂತು, ಕುರಿಯ ಮೆತ್ತನೆಯ ತೊಗಲನ್ನು ಸರೇಸು ಹಚ್ಚಿ ಮಡಿಕೆ ಮಡಿಕೆಗೆ ಅಂಟಿಸಿದ. ಹೊರಗೆ ಬೇವಿನ ಮರದಡಿ ಸರೇಸು ಕಾಯಿಸುತ್ತಿದ್ದವಳು ಮಲಕಮ್ಮ. ಎಲ್ಲಿ ಸೋರುತ್ತದೆಂದು ನೋಡಲು ಒಂದೊಂದೇ ಮನೆ ಒತ್ತುತ್ತಿದ್ದವನು ಮಿಷನ್ ಸಾಲೆಯಲ್ಲಿ ಕಲಿತು ವಾದ್ಯಗಾರನಾಗಿದ್ದ ಸಾತಪ್ಪ. “ಈಗ ಕೇಳ್ತದೇನ?” ಎಂದು ಅವನು ಒಳಗಿನಿಂದ ಕೂಗುವುದು, “ಇನ್ನಾ ಬುಸ್ ಅಂತದ!” ಎಂದು ಅವಳು ಹೊರಗಿನಿಂದ ಕೂಗುವುದು. ಆ ಕೂಗಾಟ ಮದುವೆಗೆ ಬಂದು ಮುಟ್ಟಿತು. ಅವಳಪ್ಪ ಹೊಲಿದ ತಿದಿಗೆ ಅವಳೇ ಗಾಳಿ ಹಾಕುವವಳಾದಳು.

ಎರಡು ವರ್ಷದ ಹಿಂದೆ ಸಾತಪ್ಪನ ಕಣ್ಣಿಗೆ ಮಂಜು ಕವಿಯತೊಡಗಿತ್ತು. ಮೊದಲು ಪುಸ್ತಕವನ್ನು ಹತ್ತಿರ ಎಳೆದುಕೊಂಡ, ಆಮೇಲೆ ಪುಸ್ತಕ ಸುಮ್ಮನೆ ತೆರೆದಿರುತ್ತಿತ್ತು, ಅಷ್ಟೆ. ಪ್ರತಿ ಸಂಜೆ ಮಲಕಮ್ಮ ರೊಟ್ಟಿ ಬಡಿಯುತ್ತ ಭಾನುವಾರದ ಹಾಡುಗಳನ್ನು ಹೇಳಿಕೊಡುವಳು, ಅವನು ಹೊರಸಿನ ಅಂಚಿನ ಮೇಲೆ ಬೆರಳಾಡಿಸಿ ಬಾಯಿಪಾಠ ಮಾಡುವನು. ಚರ್ಚಿನಲ್ಲಿ ಅವನು ತಡವರಿಸಿದರೆ ಹಲಗೆಯ ಹಿಂದಿನಿಂದ ಅವಳು ಗುನುಗುವಳು. “ಯಾರ ಮುಂದೂ ಬಾಯಿ ಬಿಡಬ್ಯಾಡ, ನನ್ನಾಣಿ,” ಎಂದಿದ್ದ. ಹೆತ್ತಪ್ಪನಿಗೂ ಅವಳು ಹೇಳಿರಲಿಲ್ಲ.

ಹಬ್ಬದ ಊಟಕ್ಕೆ ಕೂತಾಗ ಅವಳು ಕೇಳಿದಳು. “ನಾ ತೂಕಡಿಸಿದ್ನೇನು?”

“ಆ ಹೊತ್ತಿಗೆ ಬಾಯಿಗೆ ಬಂದದ್ದು ಅಂದೆ.”

“ಸುಳ್ಳು ಬಂತಲ್ಲ ಬಾಯಿಗೆ.”

“ಮತ್ತೇನನ್ನಲಿ? ಕುರುಡ ಆಗೀನಿ ಅನ್ನಲೇನು? ನಾಳಿಗೇ ಮಿಷನ್ನಿನ ಈ ಮನಿ ಬಿಡಸ್ತಾರ. ನಿನಗೇನ್ ಹೋಗ್ತದ ಮಲಕಮ್ಮಾ? ನೀ ಹಿಂದ ಇರಾಕಿ. ನಿನ್ನ ಮಾರಿ ಯಾರ್ ನೋಡ್ತಾರ?”

ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಹೆದರಿದವನ ಬಾಯಿಂದ ಒಂದು ಮಾತು ಜಾರಿತು, ಜಾರಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ರಾತ್ರಿಯ ಹೊತ್ತಿಗೆ ಹೆಚ್ಚುಕಡಿಮೆ ನಂಬಿಯೂಬಿಟ್ಟಿದ್ದಳು.

ಮರುದಿನ ನೆರೆಮನೆಯ ರತ್ನಾಬಾಯಿ ಒಂದು ತಾಟು ಕರಂಜಿ ಹಿಡಿದುಕೊಂಡು ಬಂದಳು. ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಬಾಯಿ, ಚರ್ಚಿನ ಪಂಚರಲ್ಲಿ ಒಬ್ಬಳು, ಒಳ್ಳೆಯ ಮನಸ್ಸಿನ ಹೆಂಗಸು.

“ಮನಸಿಗೆ ಹಚ್ಚಿಕೋಬ್ಯಾಡವಾ,” ಎಂದಳು. “ನಿನಗ ಆಗವಲ್ದು ಅಂತ ನಮಗೆಲ್ಲಾ ಗೊತ್ತದ. ಹೊಸಾ ವರ್ಷದಿಂದ ಮಿಲ್ಲಿನ ನಿಂಗಣ್ಣ ಹವಾ ಹಾಕ್ತಾನ.”

“ನನಗೇನ್ ಆಗ್ಯಾದರಿ?”

“ಅದೇ, ನಿದ್ದಿ ಬ್ಯಾನಿ. ಸಾತಪ್ಪ ದೀಪಾವಳಿಗೇ ಹೇಳಿದ್ದನಲ್ಲ. ಸುಗ್ಗಿ ಪ್ರಾರ್ಥನಾದಾಗ ಹಾಡು ತಪ್ಪಿತ್ತು ನೋಡು, ಆವಾಗೂ ಹೇಳಿದ. ‘ಆಕಿಗೆ ನಿಂತಲ್ಲೇ ಜೊಂಪು ಹತ್ತತದ, ಗಾಳಿ ಹದಾ ತಪ್ಪತದ, ಅನ್ನಬಾರದು ಅಂತ ಸುಮ್ಮನಿದೀನಿ’ ಅಂತ ಕಣ್ಣಾಗ ನೀರು ತಂದ, ಬಿಚಾರಾ. ನಿನ್ನ ಮ್ಯಾಲೆ ಜೀವ ಅದ ಅವಗ.”

ಮಲಕಮ್ಮ ತಾಟು ಇಸಿದುಕೊಂಡಳು. ಕರಂಜಿಗಳನ್ನು ಡಬ್ಬಿಗೆ ಸುರಿದು, ತಾಟು ತೊಳೆದು, ಸೆರಗಿನಿಂದ ಒರೆಸಿ, ಬರಿದು ಕೊಡಬಾರದೆಂದು ಒಂದು ಹಿಡಿ ಶೇಂಗಾ ಹಾಕಿ ಹಿಂದಕ್ಕೆ ಕೊಟ್ಟಳು. ಸಂಜೆ ಹೊರಸಿನ ಅಂಚಿಗೆ ಬೆರಳಿಟ್ಟು ಕೂತ ಗಂಡ, “ಭಾನುವಾರದ್ದು ಹೇಳ ಬಾ,” ಎಂದಾಗ ಹೇಳಿಕೊಟ್ಟಳು. ಒಂದು ಸಾಲನ್ನೂ ತಪ್ಪಿಸಲಿಲ್ಲ. ಅವನು ನಿಂಗಣ್ಣನ ಮಾತೆತ್ತಲಿಲ್ಲ; ಅವಳೂ ಎತ್ತಲಿಲ್ಲ.

ಹೊಸ ವರ್ಷದ ಮೊದಲ ಭಾನುವಾರ ಅವಳು ಹೆಂಗಸರ ಸಾಲಿನಲ್ಲಿ ಕೂತಳು. ಮದುವೆಯಾದಾಗಿನಿಂದ ಆ ವಾದ್ಯವನ್ನು ಅವಳು ಕೇಳಿದ್ದೆಲ್ಲ ಹಿಂದಿನಿಂದ: ಹಿಡಿಕೆಯ ಕಿರುಗುಟ್ಟು, ಕಟ್ಟಿಗೆಯ ಗದಗದ, ತೊಗಲಿನ ಉಸಿರು. ಮುಂದಿನಿಂದ ಅದು ಹೀಗಿರುತ್ತದೆಂದು ಗೊತ್ತೇ ಇರಲಿಲ್ಲ. ತವರದ ಕೊಳವೆಗಳು ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು. ದನಿ ಛಾವಣಿಗೆ ಏರಿ, ಅಲ್ಲಿಂದ ತಲೆಯ ಮೇಲೆ ಇಳಿಯುತ್ತಿತ್ತು. ದೊಡ್ಡ ಕೊಳವೆ ನುಡಿದಾಗ ಕೂತ ಬೆಂಚು ತೊಡೆಗೆ ತಾಗಿ ನಡುಗಿತು. ಒಂದು ಕ್ಷಣ ಅವಳಿಗೆ ಎಲ್ಲವೂ ಮರೆತುಹೋಯಿತು. ಇಷ್ಟು ಚೆಂದ ನುಡಿಸುತ್ತಾನೆಯೇ ಇವನು!

ಮೂರನೆಯ ಚರಣದಲ್ಲಿ ಅದು ನಿಂತಿತು.

ಸಾತಪ್ಪನ ಕೈ ಅಲ್ಲೇ ತೇಲಿತು. ಅವನು ಹಲಗೆಯ ಕಡೆ ಕಿವಿ ವಾಲಿಸಿದ. ನಿಶ್ಶಬ್ದದಲ್ಲಿ ಅವನ ಪಿಸುಮಾತು ಕೊನೆಯ ಬೆಂಚಿನವರೆಗೂ ಕೇಳಿಸಿತು:

“ಮಲಕಮ್ಮಾ… ಮುಂದ?”

ಹಲಗೆಯ ಮಗ್ಗುಲಿಂದ ನಿಂಗಣ್ಣನ ಬೆವೆತ ಮುಖ ಹೊರಬಂತು. “ನಾ ನಿಂಗಣ್ಣ ಅದೀನ್ರಿ. ಹವಾ ಅಗದೀ ತುಂಬ್ಯಾದ್ರಿ.”

ಈ ಸಲ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ರತ್ನಾಬಾಯಿ ನಿಧಾನವಾಗಿ ತಿರುಗಿ ನೋಡಿದಳು. ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ತಿರುಗಿದರು. ಸಾಲು ಮಲಕಮ್ಮನ ಗಂಟಲಿಗೆ ಬಂದಿತ್ತು, ಹಲ್ಲಿನವರೆಗೂ ಬಂದಿತ್ತು. ತುಟಿ ತೆರೆದರೆ ಸಾಕಿತ್ತು. ಮುಂದೆ ಕೂತಿದ್ದವನ ಕುತ್ತಿಗೆ ಬೆವರಿನಿಂದ ಹೊಳೆಯುವುದು ಅವಳಿಗೆ ಕಾಣುತ್ತಿತ್ತು. ಅವಳು ಸೆರಗು ಎಳೆದುಕೊಂಡು ಬಾಯಿ ಮುಚ್ಚಿ ಕೂತಳು.

ಕೊನೆಗೆ ಪಾದ್ರಿ ಸಾಹೇಬರೇ ಬರಿಯ ಬಾಯಲ್ಲಿ ಹಾಡನ್ನು ಎತ್ತಿದರು. ಜನ ದನಿಗೂಡಿಸಿದರು.

ಎಲ್ಲರೂ ಹೋದ ಮೇಲೆ ಅವಳು ಗಂಡನ ಕೈ ಹಿಡಿದು ಮೆಟ್ಟಿಲು ಇಳಿಸಿದಳು.

“ಒಂದು ಸಾಲು,” ಎಂದ ಅವನು. ದನಿ ಒಡೆದಿತ್ತು. “ಒಂದು ಸಾಲು ಅಂದಿದ್ರ ನಿಂದೇನು ಹೋಗ್ತಿತ್ತು?”

“ದೀಪಾವಳಿಗೇ ಹೇಳಿದ್ರಂತಲ್ಲ.”

ಅವನ ಹೆಜ್ಜೆ ತಡವರಿಸಿತು. ಅವಳು ಕಾಯದೆ ಅವನನ್ನು ರತ್ನಾಬಾಯಿಯ ಪಡಸಾಲೆಯವರೆಗೆ ನಡೆಸಿ, ಕಂಬಕ್ಕೆ ಅವನ ಕೈ ತಾಗಿಸಿದಳು.

“ಇವರಿಗೆ ಕಣ್ಣು ಕಾಣಂಗಿಲ್ಲರಿ ಬಾಯಾರ. ಎರಡು ವರ್ಷ ಆತು,” ಎಂದಳು. “ಉಣ್ಣಾಕ ಹಾಕ್ರಿ. ನಾ ಅಪ್ಪನ ಕಡೆ ಹೋಗಾಕತ್ತೀನಿ.”

“ಯಾವಾಗ ಬರ್ತಿ?” ಎಂದು ರತ್ನಾಬಾಯಿ ಕೇಳುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಮಧ್ಯಾಹ್ನದ ರೈಲುಗಾಡಿ ಅಕ್ಕಲಕೋಟೆ ರೋಡ್ ನಿಲ್ದಾಣದ ಕಡೆಗೆ ಸಾವಕಾಶ ಹೋಗುತ್ತಿತ್ತು. ಹಳಿಯ ಎರಡೂ ಬದಿಗೆ ಜೋಳ ಹಾಲು ತುಂಬಿ ನಿಂತಿತ್ತು. ಸಿಗ್ನಲ್ ಬೀಳದೆ ಗಾಡಿ ಹೊಲದ ನಡುವೆ ನಿಂತಾಗ ಮಲಕಮ್ಮ ಕಿಟಕಿಗೆ ತಲೆ ಆನಿಸಿ ಹೊರಗೆ ನೋಡಿದಳು. ತೆನೆಗಳ ಮೇಲೆ, ಹಕ್ಕಿ ಕಾಯುವ ಮಂಚಿಕೆಯ ತುದಿಯಲ್ಲಿ ಒಬ್ಬ ಹೆಂಗಸು ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಎದೆಯ ತುಂಬ ಉಸಿರೆಳೆದುಕೊಂಡು ಕೂಗಿದಳು. ಹೊಲದ ತುಂಬ ಕೂತಿದ್ದ ಹಕ್ಕಿಗಳು ಒಮ್ಮೆಲೇ ಮೇಲೆದ್ದವು.