ಬೆಲ್ಲದ ಬೆರಳಿನ ಹನಿ

ನಾನು ಒಂದು ಗ್ಲುಕೋಮೀಟರ್. ರಕ್ತದ ಸಕ್ಕರೆ ಅಳೆಯುವ ಪುಟ್ಟ ಯಂತ್ರ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಪಟ್ಟಿಗೆ ತಾಗಿದ ಹನಿಯಲ್ಲಿ ಸಕ್ಕರೆ ಎಷ್ಟಿದೆಯೋ ಅಷ್ಟನ್ನು ತೋರಿಸಿ 'ಬೀಪ್' ಅನ್ನುವುದನ್ನು ಅಲ್ಲಿ ಕಲಿಸಿದರು. ಬಾಯಿ ಮಾತ್ರ ಕೊಡಲಿಲ್ಲ. ಅಂಕಿ ನೋಡಿ ಬಿಳಿಚಿಕೊಳ್ಳುವ ಮುಖಗಳನ್ನು ಕಂಡು ಕಂಡು ನನಗೂ ಹೆದರಿಕೆ ಹತ್ತಿದೆ.

ನನ್ನನ್ನು ಅಮೀನಗಡಕ್ಕೆ ತಂದವನು ಕರದಂಟಿನ ಅಂಗಡಿಯ ಗುರಸಿದ್ದಪ್ಪ. ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಲ್ಲದ ಪಾಕ ತೆಗೆದು, ಕೊಬ್ಬರಿ, ಅಂಟು ಕಲಸಿ, ಬಿಸಿ ಇರುವಾಗಲೇ ತಟ್ಟೆಗೆ ತಟ್ಟುವವಳು ಅವನ ಹೆಂಡತಿ ನೀಲಗಂಗವ್ವ. ಊರಿಗೆಲ್ಲ ಸಿಹಿ ಮಾಡುವ ಆಕೆ ತಾನು ಒಂದು ಚೂರೂ ಬಾಯಿಗಿಡುವಂತಿರಲಿಲ್ಲ.

ಆಕೆಗೆ ಆಗಷ್ಟೇ ಇನ್ಸುಲಿನ್ ಶುರುವಾಗಿತ್ತು. ಡಾಕ್ಟರ್ ಶಾಹೀನಾ ಬಿಡಿಸಿ ಹೇಳಿದ್ದರು. "ಔಷಧ ನಾಟೇತೋ ಇಲ್ಲೋ ಅಂತ ಮೂರು ತಿಂಗಳ ಕಾಯೂದು ಬ್ಯಾಡ. ಮೂರು ವಾರ ಆದಮ್ಯಾಲೆ ತೋಳಿನ ರಕ್ತ ತಗದು ಪರೀಕ್ಷೆ ಮಾಡೋಣ. ಅಷ್ಟು ದಿನದ ಸಕ್ಕರಿ ಸರಾಸರಿ ಅದರಾಗ ತಿಳೀತೈತಿ. ಅಲ್ಲೀತನಕಾ ಸೂಜಿಮದ್ದಿನ ಅಳತಿ ನೀವಽ ಏರಸಬ್ಯಾಡ್ರಿ."

ದಿನಾ ಸಂಜೆ ನೀಲಗಂಗವ್ವ ಒಲೆಯ ಮುಂದಿನಿಂದ ಎದ್ದು, ಬೆರಳನ್ನು ಸೆರಗಿಗೆ ಒರೆಸಿ ಮುಂದೆ ಚಾಚುತ್ತಿದ್ದಳು. ಒರೆಸಿದರೆ ಬೆಲ್ಲದ ಜಿಗುಟು ಹೋದೀತೇ? ರಕ್ತದ ಹನಿ ಆ ಬೆಲ್ಲವನ್ನೂ ಕಲಸಿಕೊಂಡೇ ನನ್ನ ಹತ್ತಿರ ಬರುತ್ತಿತ್ತು. ನಾನು ಮುನ್ನೂರೈವತ್ತು, ನಾನೂರು ತೋರಿಸುತ್ತಿದ್ದೆ. ಗುರಸಿದ್ದಪ್ಪನ ಅಕ್ಕನ ಕಾಲು ಇದೇ ರೋಗದಲ್ಲಿ ಹೋಗಿತ್ತು. ಅದೇ ಹೆದರಿಕೆಯಲ್ಲಿ ಡಾಕ್ಟರರ ಮಾತು ಮೀರಿ ಅವನು ಸೂಜಿಯ ಮದ್ದು ಏರಿಸುತ್ತ ಹೋದ.

ಮೂರು ವಾರ ಮುಗಿದು ತೋಳಿನ ರಕ್ತ ಕೊಟ್ಟು ಬಂದ ದಿನ ಸಂಜೆ ನೀಲಗಂಗವ್ವ ಪಾಕ ತಿರುವುತ್ತಲೇ ಕುಸಿದು ಕೂತಳು. ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. ಗುರಸಿದ್ದಪ್ಪ ಅವಳ ಬೆರಳು ಚುಚ್ಚಿದ. ನಾನು ಇನ್ನೂರ ತೊಂಬತ್ತು ತೋರಿಸಿದೆ. ಅವನು ಸೂಜಿಗೆ ಮದ್ದು ತುಂಬಿಕೊಂಡು, ಡಾಕ್ಟರರಿಗೆ ಫೋನ್ ಮಾಡಿ, ಬೆವರು, ನಡುಕ, ಅಂಕಿ ಎಲ್ಲ ಹೇಳಿ ಎಷ್ಟು ಕೊಡಲಿ ಎಂದು ಕೇಳಿದ. ಆ ಗಳಿಗೆಯಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

"ಚುಚ್ಚಬ್ಯಾಡ್ರಿ!" ಫೋನಿನಲ್ಲಿ ಡಾಕ್ಟರ್ ಕೂಗಿದರು. "ರಿಪೋರ್ಟ್ ನನ್ನ ಕೈಯಾಗ ಐತಿ. ಮೂರು ವಾರದ ಸರಾಸರಿ ಛಲೋ ಇಳದೈತಿ, ಔಷಧ ನಾಟೇತಿ. ನಿಮ್ಮ ಮಷಿನ್ನಿಗೆ ಅಷ್ಟು ಸಕ್ಕರಿ ಎಲ್ಲಿಂದ ಬಂತು? ಮದಲ ಅವರ ಕೈ ತೊಳೀರಿ!"

ಕೈ ತೊಳೆಸಿ ಮತ್ತೆ ಚುಚ್ಚಿದ. ಮೂವತ್ತೆಂಟು. ಏರಿಸಿದ ಮದ್ದಿಗೆ ಸಕ್ಕರೆ ಜೀವಕ್ಕೆ ಕುತ್ತಾಗುವಷ್ಟು ಇಳಿದಿತ್ತು.

"ಎಚ್ಚರ ಅದಾರಿಲ್ಲೋ?" ಅಂಕಿ ಕೇಳಿದ ಡಾಕ್ಟರ್ ಅಂದರು. "ಬೆಲ್ಲದ ನೀರು ಗುಟುಕು ಗುಟುಕು ಕುಡಸ್ರಿ, ಗಾಡಿ ಮಾಡಿಕೊಂಡು ಲಗೂನ ಕರಕೊಂಡ ಬರ್ರಿ."

ಗುರಸಿದ್ದಪ್ಪ ಅಳುತ್ತಲೇ ಕುಡಿಸಿದ. ನೀಲಗಂಗವ್ವ ಬದುಕಿದಳು. ಅಂದಿನಿಂದ ನಲ್ಲಿಯ ಸಪ್ಪಳ ಮೊದಲು, ನನ್ನ ಬೀಪ್ ಆಮೇಲೆ.

ಈಗ ನನಗೆ ವಯಸ್ಸಾಯಿತು. ಅಂಕಿಗಳು ಅರ್ಧಂಬರ್ಧ ಮೂಡುತ್ತವೆ. ಹೊಸ ಯಂತ್ರ ಬಂದಿದೆ, ನಾನು ಖಾಲಿ ಡಬ್ಬಿಗಳ ಹಿಂದೆ ಬಿದ್ದಿದ್ದೇನೆ. ನಾವು ಯಂತ್ರಗಳು ಯಾರೂ ಸುಳ್ಳು ಹೇಳುವವರಲ್ಲ. ಆದರೆ ಹನಿಯಲ್ಲಿ ರಕ್ತದ್ದೆಷ್ಟು, ಬೆಲ್ಲದ್ದೆಷ್ಟು ಎಂದು ನಮಗೆ ತಿಳಿಯುವುದಿಲ್ಲ. ಅದನ್ನು ಮನೆಯವರೇ ನೆನಪಿಡಬೇಕು.

ಇವತ್ತು ಪಂಚಮಿಯ ವ್ಯಾಪಾರ ಜೋರು. ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಸೊಸೆ ಒಳಗೆ ಅವಸರ ಮಾಡುತ್ತಿದ್ದಾಳೆ.

"ಅತ್ತಿ, ಕೈಬಟ್ಟು ಕೊಡ್ರಿ, ಚುಚ್ಚಿ ಲಗೂ ನೋಡಿಬಿಡತೀನಿ."

ನಾನು ನಲ್ಲಿಯ ಸಪ್ಪಳಕ್ಕೆ ಕಾದೆ. ಅದಕ್ಕೂ ಮೊದಲೇ ಹೊಸ ಯಂತ್ರದ ಬೀಪ್ ಕೇಳಿಸಿತು.

"ಮಾವಾರ, ನಾನೂರ ಹತ್ತು ಬಂದೈತ್ರಿ! ಸೂಜಿ ಜಾಸ್ತಿ ಹಾಕ್ಲೇನ್ರಿ?"

ಗಿರಾಕಿಗಳ ಗದ್ದಲದಲ್ಲಿ ಗುರಸಿದ್ದಪ್ಪ ಏನೆಂದನೋ, ನನಗೆ ಕೇಳಿಸಲಿಲ್ಲ.