ಅಲ್ಲಾಡದ ಮುಳ್ಳು

ಮನುಷ್ಯರನ್ನು ನಾನು ಅಳೆಯುವುದು ಅವರ ನಲ್ಲಿಯಿಂದ. ನಗರದ ನೀರು ಸರಬರಾಜಿನಲ್ಲಿ ಮೂವತ್ತೊಂದು ವರ್ಷ ಸವೆಸಿದವನು ನಾನು. ಹೊರಗೆ ಎಷ್ಟೇ ನಯವಾಗಿ ಮಾತಾಡುವವನಾಗಲಿ, ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ನಲ್ಲಿಯ ಮುಂದೆ ನಿಂತಾಗ ಅವನ ಬಣ್ಣ ಬಯಲಾಗುತ್ತದೆ. ಒಂದು ವರ್ಷ ನೀರು ತೀರಾ ಕಡಿಮೆಯಿದ್ದಾಗ, ಗಿಡಗಳಿಗೆ ಹಾಕಬೇಡಿ ಎಂದು ಒಂದಿಡೀ ಬೀದಿಗೆ ಕೈಮುಗಿದು ಹೇಳಿ ಬಂದಿದ್ದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಹೋಗಿ ನೋಡಿದರೆ ಪ್ರತಿ ಮನೆಯ ಕುಂಡವೂ ಒದ್ದೆ. ಅಲ್ಲಿಂದ ಮುಂದೆ ತಲೆಯಾಡಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ನಿವೃತ್ತನಾದ ಮೇಲೆ ನನಗೂ ನನ್ನ ಹೆಂಡತಿಗೂ ಮನೆ ಸಿಕ್ಕಿದ್ದು ಈ ಕಟ್ಟಡದಲ್ಲಿ. ಐದು ಮಹಡಿ, ನಲವತ್ತೆಂಟು ಮನೆ, ಎಲ್ಲರೂ ಕಡಿಮೆ ಬಾಡಿಗೆಯವರು. ಹಿಂದೆ ಇದನ್ನು ನೋಡಿಕೊಳ್ಳುತ್ತಿದ್ದ ವಸತಿ ಮಂಡಳಿ ಹನ್ನೊಂದು ವರ್ಷದ ಕೆಳಗೆ ಕೈಚೆಲ್ಲಿ ಕೂತಾಗ, ಇಲ್ಲಿದ್ದವರೇ ಬೀಗದ ಕೈಗೊಂಚಲು ಇಸಿದುಕೊಂಡರಂತೆ. ಖಾಲಿ ಮನೆ ಯಾರಿಗೆ ಕೊಡಬೇಕು, ಮೆಟ್ಟಿಲು ಯಾರು ತೊಳೆಯಬೇಕು, ಎಲ್ಲ ಅವರದೇ ತೀರ್ಮಾನ. ಬಂದ ವಾರದಲ್ಲೇ ನನಗೆ ನಮ್ಮ ಮನೆಯ ಪಕ್ಕದ ಪಂಪಿನ ಕೋಣೆ ಅಂಟಿಸಿದರು.

ಸಭೆ ಸೇರಲು ಇವರಿಗೆ ಒಂದು ಕೋಣೆಯೂ ಇಲ್ಲ. ಸಭೆ ಮೆಟ್ಟಿಲ ಮೇಲೆ. ಅವರವರ ಮಹಡಿಯ ಮೆಟ್ಟಿಲಲ್ಲಿ ಅವರವರು ಕೂರಬೇಕು. ಅಧ್ಯಕ್ಷೆ ಕೆಳಗೆ ನಿಂತು ಒಂದು ಮಾತು ಹೇಳುತ್ತಾಳೆ, ಒಂದನೇ ಮಹಡಿಯವರು ಅದನ್ನು ಎರಡನೆಯದಕ್ಕೆ ದಾಟಿಸುತ್ತಾರೆ, ಹಾಗೇ ಐದರವರೆಗೆ. ಮೇಲಿನವರು ಕೇಳಿಸಿಕೊಂಡದ್ದನ್ನು ಹಾಗೇ ಕೆಳಗೆ ಇಳಿಸಬೇಕು. ಒಂದು ಪದ ಆಚೀಚೆಯಾಗಿ ಬಂದರೂ ಮತ್ತೆ ಮೊದಲಿಂದ. ಮೊದಲ ಸಲ ನೋಡಿದಾಗ, ಇವರಿಗೆಲ್ಲ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಮೂಗು ಮುರಿದಿದ್ದೆ.

ನಮ್ಮ ಅಧ್ಯಕ್ಷೆ ಬಸ್ಸು ಓಡಿಸುವವಳು. ಎಲ್ಲರಿಗೂ ಬಸ್ಸಕ್ಕ. ಒಂದು ದಿನ ಸಂಜೆ ಅವಳು ಕೆಲಸದಿಂದ ಬರುವುದಕ್ಕೂ ದೊಡ್ಡ ಪಂಪು ಸುಟ್ಟುಹೋಗುವುದಕ್ಕೂ ಸರಿಯಾಯಿತು.

"ಯಾವಾಗ ಸರಿಹೋಗುತ್ತೆ?" ಎಂದಳು ಪಂಪಿನ ಕೋಣೆಗೆ ಬಂದು.

"ಮೋಟರು ನಾಳೆ ಮಧ್ಯಾಹ್ನ ಬರುತ್ತೆ. ಅಲ್ಲೀವರೆಗೆ ಈ ಚಿಕ್ಕ ಪಂಪೇ ಗತಿ. ಎರಡು ನಲ್ಲಿ ಒಟ್ಟಿಗೆ ತಿರುಗಿಸಿದ್ರೆ ಐದನೇ ಮಹಡಿಗೆ ನೀರು ಹತ್ತಲ್ಲ."

ಅವಳು ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. "ನಾಳೆ ಬೆಳಿಗ್ಗೆ ರಟ್ಟಿನಮ್ಮನ ಪರೀಕ್ಷೆ ಅಣ್ಣ."

ರಟ್ಟಿನಮ್ಮ ಐದನೇ ಮಹಡಿಯ ಕೊನೆಯ ಮನೆಯವಳು. ಪುಸ್ತಕಕ್ಕೆ ರಟ್ಟು ಕಟ್ಟುವುದು ಅವಳ ಕಸುಬು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಆಸ್ಪತ್ರೆಯವರು ಅವಳ ಮನೆಗೇ ಡಯಾಲಿಸಿಸ್ ಮಿಷಿನ್ ಕೊಟ್ಟಿದ್ದರು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಅದು ಅವಳ ರಕ್ತ ತೊಳೆಯಬೇಕು. ಅದಕ್ಕೆ ನೀರು ಒಂದೇ ಸಮ ಬರುತ್ತಿರಬೇಕು. ಒತ್ತಡ ಇಳಿದರೆ ಎಚ್ಚರಿಕೆಯ ಗಂಟೆ ಹೊಡೆದು ನಿಂತುಬಿಡುತ್ತದೆ. ಆ ತಿಂಗಳು ಆಗಲೇ ಎರಡು ಸಲ ಹೊಡೆದಿತ್ತು. ಮೂರನೆಯ ಸಲವೂ ಹೊಡೆದರೆ ಮಿಷಿನ್ ವಾಪಸ್ ಎಂದು ಆಸ್ಪತ್ರೆಯವರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು. ಮರುದಿನ ಏಳಕ್ಕೆ ಅವರ ಮೆಕ್ಯಾನಿಕ್ ಬಂದು ನಾಲ್ಕೂ ಗಂಟೆ ಪಕ್ಕದಲ್ಲೇ ಕೂತು ನೋಡುವವನಿದ್ದ.

"ಮುಂದೂಡೋಕೆ ಹೇಳು," ಎಂದೆ.

"ಕೇಳಿದೆ. ಮುಂದೂಡಿದ್ರೂ ಮನೇಲಿ ನೀರಿಲ್ಲ ಅಂತಲೇ ಬರ್ಕೋತಾರಂತೆ."

ಮಿಷಿನ್ ಹೋದರೆ ಅವಳು ವಾರಕ್ಕೆ ಮೂರು ದಿನ ಎರಡೆರಡು ಬಸ್ಸು ಬದಲಿಸಿ ಊರಿನ ಆ ತುದಿಗೆ ಹೋಗಬೇಕು. ಬಂದು ಮಲಗಿದರೆ ಏಳಲು ಮರುದಿನವಾಗುತ್ತದೆ. ರಟ್ಟಿನ ಕೆಲಸಕ್ಕೆ ಅಲ್ಲಿಗೆ ತಿಲಾಂಜಲಿ. ಹಿಂದೆ ಒಂದು ವರ್ಷ ಹಾಗೆ ಅಲೆದವಳು ನನಗೇ ಒಮ್ಮೆ ಹೇಳಿದ್ದಳು: "ಅಲ್ಲಿ ನಾನು ಬರೀ ಹಾಸಿಗೆ ನಂಬರು ಅಣ್ಣ. ಕೈಯಲ್ಲಿ ಅಂಟು ಮೆತ್ಕೊಂಡಾಗಲೇ ನಾನು ಬದುಕಿದೀನಿ ಅನ್ಸೋದು."

ನನಗೆ ಹೊಳೆದದ್ದು ಒಂದೇ ದಾರಿ. ಪ್ರತಿ ಮನೆಯ ಅಡುಗೆಕಟ್ಟೆಯ ಕೆಳಗೆ ಇಡೀ ಮನೆಯ ನೀರು ನಿಲ್ಲಿಸುವ ಒಂದು ತಿರುಪು ಇದೆ. ನಲವತ್ತೇಳು ಮನೆಗೂ ಹೋಗಿ ಅದನ್ನು ಮುಚ್ಚಿ ಹಿಡಿಕೆ ಕಿತ್ತು ಚೀಲಕ್ಕೆ ಹಾಕಿಕೊಂಡು ಬರುತ್ತೇನೆ ಎಂದೆ.

"ಬೇಡ," ಎಂದಳು ಬಸ್ಸಕ್ಕ. "ಕೇಳ್ಕೊಳ್ಳೋಣ."

"ಕೇಳ್ಕೊಂಡ್ರೆ ತಲೆ ಆಡಿಸ್ತಾರೆ. ಬೆಳಿಗ್ಗೆ ಏಳು ಗಂಟೆ ಅಕ್ಕ, ಅರ್ಧ ಕಟ್ಟಡ ಸ್ನಾನಕ್ಕೆ ನಿಂತಿರುತ್ತೆ. ಒಬ್ಬ ಮರೆತ್ರೂ ಸಾಕು, ಮುಗೀತು ಅವಳ ಕಥೆ."

"ಹಿಡಿಕೆ ಕಿತ್ಕೊಂಡ್ರೆ ನಾಳೇದು ಆಗುತ್ತೆ. ನಾಳಿದ್ದಿಂದ ಇವರ ಮುಖ ಹೆಂಗೆ ನೋಡ್ತೀರಿ?" ಎಂದು ಎದ್ದು ಹೋದಳು.

ಮೆಟ್ಟಿಲ ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. 'ಬೆಳಿಗ್ಗೆ ಏಳರಿಂದ ಹನ್ನೊಂದು, ಯಾರೂ ನಲ್ಲಿ ಮುಟ್ಟಬಾರದು, ರಟ್ಟಿನಮ್ಮನಿಗೋಸ್ಕರ' ಎಂಬ ಮಾತು ಮೇಲೆ ಹೋಗಿ ಒಂದಕ್ಷರ ಕೆಡದೆ ಕೆಳಗೆ ಬಂತು. ಅದರ ಜೊತೆ ಬಂದದ್ದು ಒಂದೇ ಪ್ರಶ್ನೆ: ಬಕೆಟು ಯಾವಾಗ ತುಂಬಿಸಿಕೊಳ್ಳಬೇಕು? ನಾನು ಒಂದೊಂದು ಮಹಡಿಗೆ ಇಪ್ಪತ್ತು ನಿಮಿಷ ಕೊಟ್ಟು ಪಂಪಿನ ಕೋಣೆಗೆ ಬಂದೆ. ಯಾರೂ ಜಗಳವಾಡದ್ದೇ ನನಗೆ ಅನುಮಾನ. ತಲೆಯಾಡಿಸುವವರು ಎಂದೂ ಜಗಳವಾಡುವುದಿಲ್ಲ.

ಬೆಳಿಗ್ಗೆ ಏಳಕ್ಕೆ ಮೇಲೆ ಮಿಷಿನ್ ಶುರುವಾಯಿತು. ಒತ್ತಡ ತೋರಿಸುವ ಗಡಿಯಾರದ ಮುಂದೆ ಮುಕ್ಕಾಲಿ ಹಾಕಿಕೊಂಡು ಕೂತೆ. ಮುಳ್ಳು ನಾಲ್ಕರಲ್ಲಿತ್ತು. ಮೂರಕ್ಕೆ ಇಳಿದರೆ ಐದನೇ ಮಹಡಿಯಲ್ಲಿ ಗಂಟೆ ಹೊಡೆಯುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದೆ.

ಏಳೂ ಹತ್ತು. ಎಲ್ಲರೂ ಹಲ್ಲುಜ್ಜುವ ಹೊತ್ತು. ಮುಳ್ಳು ನಾಲ್ಕರಲ್ಲೇ. ಏಳೂವರೆ. ಮಕ್ಕಳಿಗೆ ಸ್ನಾನವಾಗುವ ಹೊತ್ತು. ನಾಲ್ಕು. ದಿನವೂ ಈ ಹೊತ್ತಿಗೆ ಹುಚ್ಚು ಹಿಡಿದಂತೆ ಕುಣಿಯುವ ಮುಳ್ಳು ಅದು. ಎಂಟಾದರೂ ಕೂದಲೆಳೆಯಷ್ಟು ಅಲುಗದಿದ್ದಾಗ, ಗಡಿಯಾರವೇ ಕೆಟ್ಟಿದೆ ಎಂದು ನನಗೆ ಖಾತ್ರಿಯಾಯಿತು. ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದೆ. ಕೊನೆಗೆ ಪೈಪಿನ ಬುಡದ ತಿರುಪನ್ನು ನಾನೇ ಒಂದೆರಡು ತೊಟ್ಟು ಬೀಳುವಷ್ಟು ಸಡಿಲಿಸಿದೆ. ಮುಳ್ಳು ತಟ್ಟನೆ ನಡುಗಿತು. ಗಡಿಯಾರಕ್ಕೆ ಏನೂ ಆಗಿರಲಿಲ್ಲ. ತಿರುಪನ್ನು ಮತ್ತೆ ಮುಚ್ಚಿದೆ.

ನನ್ನ ತಲೆಯ ಮೇಲೆ ನಲವತ್ತೇಳು ಮನೆ. ನೂರೆಂಬತ್ತು ಜನ. ಪ್ರತಿಯೊಬ್ಬರ ಕೈಗೆಟುಕುವಲ್ಲಿ ನಲ್ಲಿ. ನೋಡುವವರು ಯಾರೂ ಇಲ್ಲ, ತಿರುಗಿಸಿದ್ದು ಯಾರೆಂದು ಗೊತ್ತಾಗುವಂತೆಯೂ ಇಲ್ಲ. ಆದರೂ ಒಬ್ಬರೂ ತಿರುಗಿಸುತ್ತಿಲ್ಲ. ಮುಕ್ಕಾಲಿಯ ಮೇಲೆ ಕೂತಿದ್ದವನು ಯಾಕೋ ಎದ್ದು ನಿಂತೆ. ಕೂತುಕೊಂಡು ನೋಡುವಂಥದ್ದಲ್ಲ ಅದು ಎನಿಸಿತು.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಎರಡನೇ ಮಹಡಿಯ ಬೇಕರಿಯವನು ಕೂತಿದ್ದ. ಆಗಷ್ಟೇ ಕೆಲಸ ಮುಗಿಸಿ ಬಂದಿದ್ದ. ಮೊಣಕೈವರೆಗೆ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು.

"ಮನೇಲಿ ಬಕೆಟ್ ಇಲ್ವೇನೋ?"

"ಮಗಳು ಅಷ್ಟನ್ನೂ ತಲೆಗೆ ಸುರ್ಕೊಂಡು ಸ್ಕೂಲಿಗೆ ಹೋದ್ಳು ಮಾವ. ಒಳಗೆ ಹೋದ್ರೆ ಅಭ್ಯಾಸ ನೋಡಿ, ಕೈ ತಾನಾಗೇ ನಲ್ಲಿಗೆ ಹೋಗುತ್ತೆ. ಅದ್ಕೇ ಇಲ್ಲೇ ಇದೀನಿ."

ಅಷ್ಟು ಹೊತ್ತೂ ನಾನು ಕಾಯುತ್ತಿದ್ದುದು ಇಂಥವನನ್ನು ಹಿಡಿಯಲಿಕ್ಕೆ ಎಂದು ನೆನೆದು ನನಗೆ ನಾಚಿಕೆಯಾಯಿತು.

ಒಂಬತ್ತೂ ಇಪ್ಪತ್ತಕ್ಕೆ ಮುಳ್ಳು ಇಳಿಯಿತು. ನಾಲ್ಕರಿಂದ ಮೂರೂವರೆ, ಅಲ್ಲಿಂದ ಇನ್ನೂ ಕೆಳಗೆ, ಗೆರೆಯ ಕಡೆಗೆ. ನಾಚಿಕೆ ಎಲ್ಲಿ ಹೋಯಿತೋ, ಮೂವತ್ತೊಂದು ವರ್ಷದ ಬೈಗುಳವೆಲ್ಲ ನಾಲಿಗೆ ತುದಿಗೆ ಬಂತು. ಪೈಪಿಗೆ ಕಿವಿಯಿಟ್ಟೆ. ನೀರು ಹರಿಯುವ ಸದ್ದು ಮೇಲಿಂದಲ್ಲ, ಪಕ್ಕದಿಂದಲೇ ಬರುತ್ತಿತ್ತು. ಓಡಿದೆ. ಅದು ನನ್ನ ಮನೆ.

ನನ್ನ ಹೆಂಡತಿ ನಲ್ಲಿ ಮುಟ್ಟಿರಲಿಲ್ಲ. ನಮ್ಮ ಕಕ್ಕಸಿನ ಫ್ಲಶ್ ಟ್ಯಾಂಕು ತಾನಾಗಿ ಸೋರಿ ಖಾಲಿಯಾಗಿ, ತಾನಾಗಿ ತುಂಬಿಕೊಳ್ಳುತ್ತಿತ್ತು. ಏದುಸಿರು ಬಿಡುತ್ತಾ ಅಡುಗೆಕಟ್ಟೆಯ ಕೆಳಗೆ ತೂರಿ ತಿರುಪು ಮುಚ್ಚಿದೆ. ಬೇರೆಯವರ ಮನೆಯ ಹಿಡಿಕೆ ಕೀಳಲು ಹೊರಟಿದ್ದವನಿಗೆ ನನ್ನದೊಂದನ್ನು ಮುಚ್ಚಬೇಕೆಂದು ಹೊಳೆದಿರಲಿಲ್ಲ.

"ಮೂರು ತಿಂಗಳಿಂದ ಹೇಳ್ತಿದೀನಿ, ಅದು ಸೋರುತ್ತೆ ಅಂತ," ಎಂದಳು ಹೆಂಡತಿ.

ಮರಳಿ ಬಂದು ನೋಡಿದರೆ ಮುಳ್ಳು ನಾಲ್ಕಕ್ಕೆ ಹತ್ತುತ್ತಿತ್ತು. ಮೇಲಿಂದ ಗಂಟೆಯ ಸದ್ದು ಬರಲಿಲ್ಲ. ಗೋಡೆಗೆ ಒರಗಿ ನಿಂತೆ.

ಹನ್ನೊಂದಕ್ಕೆ ಆಸ್ಪತ್ರೆಯ ಮೆಕ್ಯಾನಿಕ್ ಕಾಗದ ಹಿಡಿದು ಕೆಳಗಿಳಿದು ಬಂದ. "ಒಂದೇ ಒಂದು ಸಲ ಸ್ವಲ್ಪ ಇಳೀತು, ಅಷ್ಟೇ. ಮಿಷಿನ್ ಇಲ್ಲೇ ಇರಲಿ ಅಂತ ಬರ್ದಿದೀನಿ. ಯಾವ ಪಂಪು ಹಾಕಿದೀರಿ?"

ಮೂಲೆಯಲ್ಲಿ ಗುರುಗುಟ್ಟುತ್ತಿದ್ದ ಚಿಕ್ಕ ಪಂಪನ್ನು ತೋರಿಸಿದೆ.

"ತಮಾಷೆ ಬೇಡ. ಇದು ನಲವತ್ತೆಂಟು ಮನೆಗಾ?"

ಅವನು ನಕ್ಕು ಹೊರಟುಹೋದ. ಮುಗಿಯಿತು, ಇನ್ನು ನಲ್ಲಿ ತಿರುಗಿಸಬಹುದು ಎಂದು ಬೇಕರಿಯವನಿಗೆ ಹೇಳಿದೆ. ಅವನು ಮೇಲೆ ದಾಟಿಸಿದ. ಮಹಡಿಯಿಂದ ಮಹಡಿಗೆ ಆ ಮಾತು ಹತ್ತಿ ಹೋದದ್ದು ನನ್ನ ಕಿವಿಗೇ ಕೇಳಿಸಿತು. ಮುಳ್ಳು ಈಗ ಬೀಳುತ್ತದೆಂದು ಕಾದೆ.

ಬೀಳಲಿಲ್ಲ. ಹನ್ನೊಂದೂ ಐದು. ಹನ್ನೊಂದೂ ಹತ್ತು. ಹೊರಗೆ ಬಂದು ನೋಡಿದರೆ ಬೇಕರಿಯವನು ಅದೇ ಮೆಟ್ಟಿಲಲ್ಲಿ, ಅದೇ ಹಿಟ್ಟಿನ ಕೈಯಲ್ಲಿ ಕೂತಿದ್ದಾನೆ.

"ಇನ್ನೂ ಯಾಕೋ ಕೂತಿದೀಯ? ಮುಗೀತಲ್ಲ."

"ನಿನ್ನೆ ನೀವು ಪಂಪಿನ ಕೋಣೆಗೆ ಹೋದ್ಮೇಲೆ ಮೇಲಿಂದ ಒಂದು ಮಾತು ಬಂತು ಮಾವ. ರಟ್ಟಿನಮ್ಮ ಸೂಜಿ ತೆಗೆಸ್ಕೊಂಡು, ಎದ್ದು, ಮುಖ ತೊಳೀಬೇಕಂತೆ. ಆಮೇಲೆ ನಾವೆಲ್ಲ."

ನಾನು ಒಳಗೆ ಹೋಗಿ ಬಾಗಿಲು ಮುಂದಕ್ಕೆ ತಳ್ಳಿದೆ. ಹನ್ನೊಂದೂ ಹದಿನೆಂಟಕ್ಕೆ ಮುಳ್ಳು ಒಂದು ಕೂದಲೆಳೆಯಷ್ಟು ಕೆಳಗೆ ಬಂತು. ಒಂದೇ ನಲ್ಲಿ, ಎಲ್ಲಕ್ಕಿಂತ ಮೇಲಿನದು. ಅದು ತುಂಬ ಹೊತ್ತು ಹರಿಯಿತು. ಅವಳು ಬರೀ ಮುಖ ತೊಳೆಯುತ್ತಿರಲಿಲ್ಲವೋ ಏನೋ. ನಿಂತಿತು. ಮೆಟ್ಟಿಲಲ್ಲಿ ಮಹಡಿಯಿಂದ ಮಹಡಿಗೆ ಮಾತು ಇಳಿದು ಬಂತು. ಆಮೇಲೆ ಇಡೀ ಕಟ್ಟಡ ಒಮ್ಮೆಲೇ ತೆರೆದುಕೊಂಡಿತು. ಗೋಡೆಗಳೊಳಗೆಲ್ಲ ನೀರು ಭೋರೆಂದಿತು, ಪೈಪು ಅದುರಿತು, ಮುಳ್ಳು ಗೆರೆ ದಾಟಿ ಸೀದಾ ಸೊನ್ನೆಗೆ ಬಿತ್ತು. ಮುಳ್ಳು ಸೊನ್ನೆಗೆ ಬಿದ್ದಾಗಲೆಲ್ಲ ಜನರನ್ನು ವಾಚಾಮಗೋಚರ ಬೈಯುತ್ತಿದ್ದವನು ನಾನು. ಅವತ್ತು ಅದುರುವ ಪೈಪನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಅತ್ತುಬಿಟ್ಟೆ.